ಹೂಂ ಅನ್ನದ ತಂತಿ

ಗುಂಯ್ ಅಂತ ಒಂದೇ ಸಮನೆ, ಇದು ಕಂಬದೊಳಗಿನ ಸದ್ದೋ ತನ್ನ ಕಿವಿಯೊಳಗಿನದೋ, ಅಮೀನಪ್ಪ ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿದ, ಹತ್ತೂವರೆಗೇ ಕಾದು ಕೂತಿದೆ ಸುಡುಗಾಡು ಕಬ್ಬಿಣ, ಗಾಳಿ ತಂತಿಗೆ ಹೇಳುತ್ತದೆ, ತಂತಿ ಕಂಬಕ್ಕೆ ಹೇಳುತ್ತದೆ, ಕಂಬ ಅವನ ಹಲ್ಲಿಗೆ ಹೇಳುತ್ತದೆ, ಇಷ್ಟೆಲ್ಲ ಹೇಳಿ ಕೊನೆಗೆ ಹೇಳಿದ್ದೇನು ಅಂದರೆ ಗುಂಯ್ — ಸಣ್ಣವನಿದ್ದಾಗ ಇಳಕಲ್ ಬಸ್‌ಸ್ಟ್ಯಾಂಡಿನ ಹಿಂದಿನ ಟೆಲಿಫೋನ್ ಕಂಬಕ್ಕೆ ಕಿವಿ ಹಚ್ಚಿದರೆ ಬಾಗಲಕೋಟೆಯವರ ಮಾತು ಕೇಳಿಸುತ್ತದೆ ಅಂತ ಯಾರೋ ಹೇಳಿದ್ದರು, ನಂಬಿ ನಿಂತಿದ್ದ, ಏನೂ ಕೇಳಿಸದೆ ಸಿಟ್ಟು ಬಂದು ಕಂಬವನ್ನೇ ಒದ್ದಿದ್ದ, ಒದ್ದ ಬಲಗಾಲಿನ ಹೆಬ್ಬೆರಳ ಉಗುರು ಇವತ್ತಿಗೂ ಸೊಟ್ಟ. ಇಪ್ಪತ್ತೆರಡರ ವಯಸ್ಸಿಗೆ ಈಗ ಅದೇ ಸೊಟ್ಟ ಉಗುರಿನ ಕಾಲನ್ನು ಹುನಗುಂದದ ಹೊರಗಿನ ಈ ಕಂಬದ ನೆತ್ತಿಯ ಮೆಟ್ಟಿಲಿಗೆ ಕೊಟ್ಟು, ಸೊಂಟದ ಪಟ್ಟಾ ಬಿಗಿದು, ಎದುರಿನ ತಂತಿಯಲ್ಲಿ ತಾನೇ ಹಾಕಿದ ಜಾಯಿಂಟನ್ನು ನೋಡುತ್ತಿದ್ದಾನೆ, ಎಂಥ ಜಾಯಿಂಟು, ಎಳೆದರೆ ಕಂಬ ಬಂದೀತು ಅದು ಬರಲಾರದು. ಕೆಳಗೆ ಬೇವಿನ ಗಿಡದ ನೆರಳಿಗೆ ಸೈಕಲ್ಲು ಆನಿಸಿ ಸಂಗಯ್ಯನವರು ನಿಂತಿದ್ದಾರೆ, ಲೈನ್ ಇನ್ಸ್‌ಪೆಕ್ಟರು, ಕಿವಿಯ ಮೇಲೆ ಮೋಟು ಪೆನ್ಸಿಲ್ಲು, ಬಗಲಲ್ಲಿ ದಿನಗೂಲಿಯವರ ಹೆಸರಿನ ಪುಸ್ತಕ, ಆ ಪುಸ್ತಕದಲ್ಲಿ ಅಮೀನಪ್ಪ ಎನ್ನುವ ನಾಲ್ಕು ಅಕ್ಷರ, ಆ ಪೆನ್ಸಿಲ್ಲು ಕಿವಿಯಿಂದ ಇಳಿದು ಒಂದು ಗೆರೆ ಎಳೆದರೆ ಮೂರು ವರ್ಷ ಬಿಸಿಲಲ್ಲಿ ಕಂಬ ಹತ್ತಿದ್ದು ಅಷ್ಟೇ ಆಯಿತು. ಬಾದಾಮಿಯಿಂದ ಸಾಹೇಬ್ರು ಬರದಾರ ತಮ್ಮಾ, ಇವತ್ತ ಸುದ್ದಾ ಲೈನ್ ಕಟ್ ಆತಂದ್ರ ಜಾಯಿಂಟ್ ಹಾಕಿದಂವನ್ನ ತಗದುಬಿಡ್ರಿ ಅಂತ ಬರದಾರ, ನಾ ಏನ್ ಮಾಡ್ಲಿ ಹೇಳು, ಅಂದಿದ್ದರು ಸಂಗಯ್ಯನವರು. ಏನು ಮಾಡಬೇಕು ಅಂತ ಹೇಳಲು ನಾಲಿಗೆ ತುದಿಗೆ ಬಂದಿತ್ತು, ನುಂಗಿದ, ನುಂಗುವುದು ಅವನಿಗೆ ಬಾರದ ವಿದ್ಯೆ.

ಸಾಹೇಬರಿಗೆ ಜಾಯಿಂಟು ಅಂದರೆ ಕಾಗದ, ಇವನಿಗೆ ಜಾಯಿಂಟು ಅಂದರೆ ಕೊಂಡಿ, ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವನು, ಸೀರೆಯ ಮೈಯ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ, ಎರಡನ್ನೂ ಒಂದೊಂದೇ ಎಳೆಯ ಕುಣಿಕೆಯಲ್ಲಿ ಕುಣಿಕೆ ತೂರಿಸಿ ಕೂಡಿಸುವುದೇ ಕೊಂಡಿ, ಸಾವಿರಾರು ಕುಣಿಕೆ, ಒಂದು ತಪ್ಪಿದರೆ ಸೆರಗು ನಕ್ಕಂತೆ ಬಾಯಿ ಬಿಡುತ್ತದೆ. ಮಧ್ಯಾಹ್ನದ ಹೊತ್ತು ಅಜ್ಜಿ ರತ್ನವ್ವ ಒಂದು ತುದಿಗೆ, ಮೊಮ್ಮಗ ಇನ್ನೊಂದು ತುದಿಗೆ ಎಳೆ ಹಿಡಿದು ಕೂತರೆ ಅಜ್ಜಿ ಕಥೆ ಶುರು ಮಾಡುವಳು, ಶುರು ಮಾಡುವ ಮೊದಲೇ ಕರಾರು — ಹೂಂ ಅನಬೇಕ ನೋಡು, ಹೂಂ ನಿಂತ್ರ ಕಥಿನೂ ನಿಂತೀತು. ಕಥೆ ಅವಳಿಗೆ ನೆಪ, ಹುಡುಗ ತೂಕಡಿಸಿದರೆ ಎಳೆ ಸಡಿಲಾಗುತ್ತದೆ, ಎಳೆ ಬಿಗಿ ಇದೆಯೋ ಇಲ್ಲವೋ ತಿಳಿಯುವುದು ಹೂಂನಿಂದ. ಒಬ್ಬ ರಾಜನ ಮಗ ಇದ್ದ, ಹೂಂ, ಅಂವ ಬ್ಯಾಟಿಗಿ ಹೋದ, ಹೂಂ, ಹೊಳ್ಳಿ ಬರೂ ಮುಂದ ಕತ್ತಲಾತು, ಹೂಂ, ದಾರಿ ಮಗ್ಗಲಕ ಒಂದು ಹಾಳ ಬಾವಿ, ಹೂಂ, ದಂಡಿ ಮ್ಯಾಲ ಒಂದು ಕಾಲಿಟ್ಟ, ಇನ್ನೊಂದು ಕಾಲ ಎತ್ತಿದ — ಅಷ್ಟರಲ್ಲಿ ಇವನಿಗೆ ನಿದ್ದೆ. ಎದ್ದು ಕೇಳಿದರೆ ಅಜ್ಜಿ ಬೇರೆ ಕಥೆ ಹಿಡಿದಿದ್ದಳು. ಹತ್ತು ವರ್ಷದ ಮೇಲೂ ಕೇಳಿದ್ದಾನೆ, ಯವ್ವಾ, ಆ ರಾಜನ ಮಗ ಬಾವಿಯಾಗ ಬಿದ್ನೋ ಉಳಿದ್ನೋ. ನೀ ಹೂಂ ಅನಲಿಲ್ಲೋ ಯಪ್ಪಾ, ಅಂವ ಅಲ್ಲೇ ನಿಂತಾನ, ನಾ ಏನ್ ಮಾಡ್ಲಿ, ಅನ್ನುತ್ತಾಳೆ ಅಜ್ಜಿ, ಎಲೆಯಡಿಕೆಯ ಬಾಯಲ್ಲಿ ನಗುತ್ತ. ಇಷ್ಟು ವರ್ಷವಾಯಿತು, ದಂಡೆಯ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು, ಪಾಪ ಅವನ ಸೊಂಟ ಏನಾಗಿರಬೇಕು.

ಈಗ ಈ ಲೈನಿನ ಕಥೆಯೂ ಅಷ್ಟೇ ಅಡ್ಡಾದಿಡ್ಡಿ. ಒಂದು ತುದಿಯಲ್ಲಿ ಇಳಕಲ್ಲಿನ ನೇಕಾರರ ಸೊಸೈಟಿ, ಅಲ್ಲಿ ಸೆಕ್ರೆಟರಿ ರಾಚಪ್ಪನವರು, ಕೋಟು ಹಾಕದೆ ಫೋನು ಮುಟ್ಟದ ಮನುಷ್ಯ. ಇನ್ನೊಂದು ತುದಿಯಲ್ಲಿ ಬಾಗಲಕೋಟೆಯ ಬಣ್ಣದ ಡಿಪೋ, ಅಲ್ಲಿ ಇಂದ್ರಾಬಾಯಿ, ಯಾವ ಸೀರೆಗೆ ಯಾವ ಕೆಂಪು ಕೊಟ್ಟಿದ್ದೇವೆ ಅನ್ನುವ ರಿಜಿಸ್ಟರು ಅವರ ತಾಬೆಯಲ್ಲಿದೆ. ಮಗ್ಗದ ಮೇಲೆ ಅರ್ಧ ಸೆರಗಿಗೆ ರೇಷ್ಮೆ ಮುಗಿದರೆ ಹೊಸ ರೇಷ್ಮೆ ಅದೇ ಕೆಂಪು ಇರಬೇಕು, ಒಂದು ಕೂದಲೆಳೆಯಷ್ಟು ಬೇರೆ ಇದ್ದರೂ ಸೀರೆ ಸೀರೆಯಲ್ಲ, ಅದಕ್ಕೆ ರಾಚಪ್ಪನವರು ಫೋನು ಮಾಡಿ ಇಂಥ ಸೀರಿಯ ಕೆಂಪಿನ ನಂಬರ್ ಹೇಳ್ರಿ ಅನ್ನಬೇಕು, ಇಂದ್ರಾಬಾಯಿ ಇರ್ರಿ ನೋಡಿ ಬರ್ತೇನಿ ಅಂತ ಹಿಂದಿನ ಕೋಣೆಗೆ ಹೋಗಬೇಕು, ಮೊಣಕಾಲು ನೋವಿನ ಹೆಂಗಸು, ಹೋಗಿ ರಿಜಿಸ್ಟರು ತೆಗೆದು ಹಾಳೆ ತಿರುವಿ ಹೊರಳಿ ಬರಲು ಮೂರು ನಿಮಿಷ, ಬಂದು ಹಲೋ ಅಂದರೆ ಲೈನು ಸತ್ತಿರುತ್ತದೆ. ಮೂರು ವಾರದಿಂದ ಇದೇ ಆಟ, ಎಂಟು ಮಗ್ಗ ನಿಂತಿವೆ. ಮಾತಾಡುತ್ತಿದ್ದರೆ ಒಂಬತ್ತು ನಿಮಿಷ ಮಾತಾಡಿದರೂ ಲೈನು ಗಟ್ಟಿ, ಸುಮ್ಮನಾದರೆ ಸಾಕು, ಎರಡು ನಿಮಿಷಕ್ಕೆ ಟಕ್. ಬಾಗಲಕೋಟಿ ಮಂದೀಗೆ ಸೊಕ್ಕರಿ, ಬೇಕಂತ ಇಟ್ಟುಬಿಡ್ತಾರ, ಅಂತ ರಾಚಪ್ಪನವರು. ಇಳಕಲ್ ಮಂದೀಗೆ ತಾಳ್ಮಿನ ಇಲ್ಲರಿ, ಅಂತ ಇಂದ್ರಾಬಾಯಿ. ಬಾದಾಮಿಯಲ್ಲಾದರೆ ಕೋತಿಗಳು ತಂತಿ ಹಿಡಿದು ಜೋಕಾಲಿ ಆಡುತ್ತವೆ, ಕೋತಿಯ ಮೇಲೆ ಹಾಕಬಹುದು, ಇಲ್ಲಿ ಕೋತಿಯಿಲ್ಲ, ಅದಕ್ಕೆ ಅಮೀನಪ್ಪನ ಮೇಲೆ ಹಾಕಿದ್ದಾರೆ. ಆರನೆಯ ಇಯತ್ತೆಗೆ ಸಾಲಿ ಬಿಟ್ಟವನ ಕೈ, ಹಿಂಗ ಆಗೂದ, ಅಂತ ಸಾಹೇಬರು ಅಂದರಂತೆ, ಸಾಲಿ ಬಿಟ್ಟಿದ್ದು ಯಾಕೆ ಅಂತ ಸಾಹೇಬರಿಗೆ ಯಾರು ಹೇಳಬೇಕು, ಮಾಸ್ತರು ಲೆಕ್ಕ ಮಾಡಿ ತಿಳೀತೇನ್ರೋ ಅಂದರು, ನಲವತ್ತು ಹುಡುಗರು ಹೂಂರಿ ಅಂದರು, ಒಬ್ಬನಿಗೂ ತಿಳಿದಿರಲಿಲ್ಲ, ಇವನೊಬ್ಬ ಎದ್ದು ಇಲ್ರಿ ಅಂದ, ಬೆತ್ತ ಬಿತ್ತು, ಈಗ ತಿಳೀತೇನು, ಇಲ್ರಿ, ಮತ್ತೆ ಬೆತ್ತ, ಈಗ, ಇಲ್ರಿ — ನಾಲ್ಕನೆಯ ಸಲ ಮಾಸ್ತರ ಕೈಯಿಂದ ಬೆತ್ತ ಕಸಿದು ಕಿಟಕಿಯಾಚೆ ಒಗೆದು ತಾನೂ ಅದರ ಹಿಂದೆಯೇ ಹಾರಿ ಮನೆಗೆ ಬಂದ. ಸುಳ್ಳು ಹೂಂ ಅನ್ನಲಾರೆ ಅಂದದ್ದಕ್ಕೆ ಸಾಲಿ ಹೋಯಿತು. ಹೋಗಲಿ. ಕಂಬದ ಮೇಲೆ ಗಾಳಿ ಚಲೋ ಇದೆ, ಸಜ್ಜೆಯ ಹೊಲ, ಆಚೆ ಕಲ್ಲು ಕ್ವಾರಿಯ ಕೆಂಪು ಗುಡ್ಡ, ಇಳಕಲ್ ಬಸ್ಸು ಹಾರ್ನು ಬಾರಿಸುತ್ತ ಹೋಯಿತು, ಡ್ರೈವರು ತಲೆ ಹೊರಗೆ ಹಾಕಿ, ಏನಲೇ ಅಮೀನ್ಯಾ, ಇನ್ನೂ ಅಲ್ಲೇ ಅದೀಯೇನು, ಗೂಡು ಕಟ್ಟಾಂವನೇನು ಅಂದ, ಇಲ್ಲಲೇ ತತ್ತಿ ಇಟ್ಟು ಇಳೀತೇನಿ, ಅಂದ ಇವನು, ನಗು ಬಂತು, ಸಿಟ್ಟು ಬಂದಾಗಲೇ ಅವನಿಗೆ ನಗುವೂ ಬರುತ್ತದೆ, ಎರಡಕ್ಕೂ ಒಂದೇ ತಂತಿ ಇರಬೇಕು.

ಮಜಾ ಏನೆಂದರೆ ಮೂರು ಸಲ ಕಂಬ ಹತ್ತಿ, ಟೆಸ್ಟ್ ಫೋನಿನ ಚಿಮಟಿಗಳನ್ನು ತಂತಿಗೆ ಕಚ್ಚಿಸಿ ಕೇಳಿದ್ದಾನೆ, ಮೂರು ಸಲವೂ ಲೈನು ಕಟ್ಟಾಗಲಿಲ್ಲ, ಕೇಳುವವನು ಇದ್ದಾಗ ಕೆಡುವುದಿಲ್ಲ, ಇಳಿದ ಕೂಡಲೇ ಕೆಡುತ್ತದೆ, ಎಂಥ ಕಳ್ಳ ಲೈನು ಇದು. ಇವತ್ತು ಬೆಳಿಗ್ಗೆ ಸಂಗಯ್ಯನವರು ಇನ್ನೊಂದು ದೂರು ಹೇಳಿದರು — ರಾಚಪ್ಪನವರಿಂದಲೇ ಬಂದದ್ದು — ಲೈನಿನ್ಯಾಗ ಒಬ್ಬ ಹುಚ್ಚ ಸೇರ್ಕೊಂಡಾನ್ರಿ, ನಮ್ಮ ಇಂದ್ರಾಬಾಯಾರು ರಿಜಿಸ್ಟರ್ ನೋಡಾಕ ಹೋದ್ರ ಆ ಮಗ ಬೈಯಾಕ ಶುರು ಮಾಡ್ತಾನ, ಸಾಹೇಬ್ರನ್ನ ಬೈತಾನ, ಬಿಸಲನ್ನ ಬೈತಾನ, ಕಬ್ಬಿಣಾನ ಬೈತಾನ, ಕೋಟ್ ಹಾಕ್ಕೊಂಡು ಫೋನ್ ಹಿಡಿಯೂ ರಾಚಪ್ಪನ್ನ ಸೈತ ಬೈತಾನ. ಅಮೀನಪ್ಪ ಟೆಸ್ಟ್ ಫೋನನ್ನು ತಿರುವಿ ನೋಡಿದ್ದ, ಬಾಯಿಯ ಕಡೆಯ ಗುಂಡಿ ಒತ್ತಿದಾಗ ಮಾತ್ರ ಮಾತು ಲೈನಿಗೆ ಹೋಗಬೇಕು, ಆ ಗುಂಡಿ ಮುರಿದು ಆರು ತಿಂಗಳಾಯಿತು, ಇವನೇ ತಂತಿ ಸುತ್ತಿ ಬಿಗಿದಿದ್ದ, ಅಂದರೆ ಅದು ಸದಾ ಒತ್ತಿಯೇ ಇದೆ, ಕಂಬದ ಮೇಲೆ ತಾನು ಗೊಣಗಿದ್ದೆಲ್ಲ ಲೈನಿಗೆ ಹೋಗಿದೆ, ಅಂದರೆ ಹುಚ್ಚ — ಅಯ್ಯೋ ನಿನ್ನ. ಸಂಗಯ್ಯನವರಿಗೆ ಹೇಳಲಿಲ್ಲ, ಹೇಳಿದರೆ ಅವರು ನಗುತ್ತಿದ್ದರು, ನಕ್ಕು ಗೆರೆ ಎಳೆಯುತ್ತಿದ್ದರು. ದೂರಿನ ಕೊನೆಗೆ ರಾಚಪ್ಪನವರು ಇನ್ನೊಂದು ಮಾತು ಅಂದಿದ್ದರಂತೆ, ಆ ಹುಚ್ಚ ಬೈಯೂ ದಿನ ಲೈನ್ ಕಟ್ ಆಗೂದಿಲ್ಲ ನೋಡ್ರಿ, ಅದೊಂದು ಛಲೋ ಐತಿ. ಆ ಮಾತು ಆಗ ಕಿವಿಯ ಮೇಲೆ ಹಾದು ಹೋಗಿತ್ತು, ಈಗ ಕಂಬದ ಮೇಲೆ ಗುಂಯ್ ನಡುವೆ ಹೊರಳಿ ಬಂದಿದೆ, ಬೈಯುವ ದಿನ ಕಟ್ ಆಗುವುದಿಲ್ಲ, ಬೈಯುವ ದಿನ, ಬೈಗುಳಕ್ಕೂ ತಂತಿಗೂ ಏನು ಸಂಬಂಧ, ತಂತಿಗೆ ಮಾನ ಇದೆಯೇ. ಏನ್ ಒಟಾ ಒಟಾ ಅಂತಿಯಲೇ, ಕೆಳಗಿನಿಂದ ಸಂಗಯ್ಯನವರು, ಬಾಯಿ ಮುಚ್ಕೊಂಡು ಕೆಲಸ ಮಾಡೂದು ಯಾವಾಗ ಕಲೀತಿ. ಬಾಯಿ ಮುಚ್ಚಬೇಕೇ, ಮುಚ್ಚುತ್ತೇನೆ, ಅಂಗಿಯ ಜೇಬಿನಿಂದ ಅಜ್ಜಿ ಕಟ್ಟಿಕೊಟ್ಟ ಸಜ್ಜಿ ರೊಟ್ಟಿಯನ್ನು ತೆಗೆದು, ಚಟ್ನಿಪುಡಿಯಂಥ ಶೇಂಗಾ ಹಿಂಡಿಯ ಸಮೇತ, ಅರ್ಧವನ್ನು ಒಂದೇ ಸಲಕ್ಕೆ ಬಾಯಿಗೆ ತುರುಕಿದ, ಕೆನ್ನೆ ಎರಡೂ ಉಬ್ಬಿದವು, ನೋಡ್ರಿ ಮುಚ್ಚೇನಿ ಅಂತ ಕೆಳಗೆ ಸನ್ನೆ ಮಾಡಿದ.

ಆಗ ಕಿವಿಗೆ ಹಚ್ಚಿದ್ದ ಟೆಸ್ಟ್ ಫೋನಿನಲ್ಲಿ ರಾಚಪ್ಪನವರು ಬಂದರು, ಬಾಯಾರ, ಹನ್ನೊಂದನೇ ಮಗ್ಗದ ಸೀರಿ ಕೆಂಪು ಯಾವ ನಂಬರ್ ನೋಡ್ರಿ. ಇರ್ರಿ, ನೋಡಿ ಬರ್ತೇನಿ, ಈ ಸಲರೆ ಇಡಬ್ಯಾಡ್ರಿ, ಅಂತ ಇಂದ್ರಾಬಾಯಿ, ಚಪ್ಪಲಿ ಸದ್ದು ದೂರವಾಯಿತು. ಟೇಬಲ್ಲಿಗೆ ಏನೋ ತಾಗಿದ ಸದ್ದು, ರಾಚಪ್ಪನವರು ರಿಸೀವರನ್ನು ಅಡ್ಡ ಮಲಗಿಸಿ ಚಹಾಕ್ಕೆ ಕೈ ಹಾಕಿರಬೇಕು, ಬಸಿಯ ಮೇಲೆ ಕಪ್ಪಿನ ಸದ್ದು ಬಂತು. ಆಮೇಲೆ ಏನಿಲ್ಲ. ಅಮೀನಪ್ಪ ಜಗಿಯುತ್ತಾನೆ, ಬೈಯಬೇಕು ಅನ್ನಿಸುತ್ತದೆ, ರೊಟ್ಟಿ ಬಿಡುವುದಿಲ್ಲ, ಹಿಂಡಿ ಖಾರ, ಕಣ್ಣಲ್ಲಿ ನೀರು, ಲೈನು ಖಾಲಿ ಬಾವಿಯ ಹಾಗೆ ಸುಮ್ಮನಿದೆ, ದಂಡೆಯ ಮೇಲೆ ಒಂದು ಕಾಲು — ಟಿಕ್ ಅಂತ ಸಣ್ಣ ಸದ್ದು, ಯಾರೋ ಬಾಗಿಲು ಸರಿಸಿದ ಹಾಗೆ, ಒಂದು ಹೆಣ್ಣು ದನಿ, ಮೆತ್ತಗೆ, ಮಾತು ಮುಗೀತೇನ್ರಿ? ಯಾರೂ ಏನೂ ಅನ್ನಲಿಲ್ಲ. ಮುಗೀತೇನ್ರೀ? ರಾಚಪ್ಪನವರು ಚಹಾದಲ್ಲಿದ್ದಾರೆ, ಇಂದ್ರಾಬಾಯಿ ರಿಜಿಸ್ಟರಿನಲ್ಲಿದ್ದಾರೆ, ಅಮೀನಪ್ಪ ರೊಟ್ಟಿಯಲ್ಲಿದ್ದಾನೆ. ಟಕ್. ಸತ್ತಿತು. ಜಗಿಯುವುದನ್ನು ನಿಲ್ಲಿಸಿಬಿಟ್ಟ. ಆ ದನಿ ಗೊತ್ತಿತ್ತು, ನಡುವಿನ ಹಿರೇಗುಂಡದ ಎಕ್ಸ್‌ಚೇಂಜಿನ ಅಬೇದಾ, ಹೋದ ವರ್ಷ ಅಲ್ಲಿ ಬ್ಯಾಟರಿಯ ತಂತಿ ಸರಿಮಾಡಲು ಹೋದಾಗ ನೋಡಿದ್ದ, ಎದುರಿಗೆ ತೂತುಗಳ ಹಲಗೆ, ಕೈಯಲ್ಲಿ ಹಿತ್ತಾಳೆ ಮೂತಿಯ ದಾರಗಳು, ಇಳಕಲ್ಲಿನ ತೂತಿನಿಂದ ಬಾಗಲಕೋಟೆಯ ತೂತಿಗೆ ದಾರ ಚುಚ್ಚಿದರೆ ಮಾತು, ಕಿತ್ತರೆ ಮೌನ, ಲಾಳಿ ಆಡಿಸುವ ನೇಕಾರ ಹೆಂಗಸಿನ ಕೈ ಹಾಗೆ ಓಡುತ್ತಿದ್ದವು ಆಕೆಯ ಕೈಗಳು. ಜಾಯಿಂಟಲ್ಲ. ತಂತಿಯಲ್ಲ. ಕೈ. ನಡುವೆ ಕೂತು ಕೇಳುತ್ತಾಳೆ, ಸುಮ್ಮನಿದ್ದರೆ ಮುಗಿಯಿತು ಅಂತ ಕೀಳುತ್ತಾಳೆ, ಇವನು ಬೈಯುತ್ತಿದ್ದ ದಿನ ಯಾರೋ ಮಾತಾಡುತ್ತಿದ್ದಾರೆ ಅಂತ ಬಿಟ್ಟಿದ್ದಾಳೆ. ಅಜ್ಜಿ ಮಾಡಿದ್ದೂ ಇದೇ, ಹೂಂ ನಿಂತರೆ ಕಥೆ ನಿಂತಿತು, ಆ ರಾಜನ ಮಗನನ್ನು ನಿಲ್ಲಿಸಿದ್ದು ಬಾವಿಯಲ್ಲ, ಇವನ ನಿದ್ದೆ.

ಅಯ್ಯಾರ, ಅಂತ ಕೂಗಿದ, ಬಾಯಿಂದ ಅರ್ಧ ರೊಟ್ಟಿ ಹಾರಿ ಸಂಗಯ್ಯನವರ ಟೊಪ್ಪಿಗೆಯ ಮೇಲೆ ಬಿತ್ತು, ಜಾಯಿಂಟ್ ಕೆಟ್ಟಿಲ್ರಿ, ಲೈನಿನ್ಯಾಗ ಮಂದಿ ಸುಮ್ಮಕಾಗ್ತಾರ, ಸುಮ್ಮಕಾದ್ರ ಹಿರೇಗುಂಡದ ಅಕ್ಕಾರು ಕಿತ್ತುಬಿಡ್ತಾರ. ಸಂಗಯ್ಯನವರು ರೊಟ್ಟಿ ಕೊಡವಿಕೊಂಡು, ನಿನ್ನ ಜಾಯಿಂಟಿನ ಪಾಪಾನ ಹೆಣಮಗಳ ಮ್ಯಾಲ ಹಾಕಬ್ಯಾಡೋ, ಖರೆ ಇದ್ರ ತೋರಸು. ತೋರಸ್ತೇನಿ, ಇನ್ನೊಮ್ಮೆ ಫೋನ್ ಹಚ್ಚಾಕ ಹೇಳ್ರಿ, ಆಕಿ ಕೇಳಿದಾಗ ನಾ ಜವಾಬು ಕೊಡ್ತೇನಿ, ಲೈನ್ ಉಳೀತೈತಿ ನೋಡ್ರಿ. ಅರ್ಧ ಗಂಟೆಗೆ ರಾಚಪ್ಪನವರು ಮತ್ತೆ ಬಂದರು, ಇಂದ್ರಾಬಾಯಿ ಮತ್ತೆ ಹೋದರು, ರಿಸೀವರು ಮತ್ತೆ ಮಲಗಿತು, ಉಳಿದ ಅರ್ಧ ರೊಟ್ಟಿಯನ್ನು ಮರೆತೇ ಬಾಯಿಗೆ ಹಾಕಿಕೊಂಡಿದ್ದ ಅಮೀನಪ್ಪ, ಹಸಿವು ಕೇಳಬೇಕಲ್ಲ, ಟಿಕ್, ಮಾತು ಮುಗೀತೇನ್ರಿ? ಈ ಸಲ ಬಿಡಲಾರೆ, ಅಜ್ಜಿಗೆ ಅಂದ ಹಾಗೆ, ಬಾಯಿ ತೆರೆಯದೆ ಅನ್ನಬಹುದಾದ ಮಾತು ಜಗತ್ತಿನಲ್ಲಿ ಒಂದೇ, ರೊಟ್ಟಿಯ ಒಳಗಿನಿಂದ, ಗಟ್ಟಿಯಾಗಿ, ಹೂಂ. ಟಕ್. ಕಿತ್ತಳು. ಒಂದು ಗಳಿಗೆ ಅವನಿಗೆ ತಿಳಿಯಲೇ ಇಲ್ಲ, ಹೂಂ ಅಂದೆನಲ್ಲ, ಹೂಂ ಅಂದರೂ ಕಿತ್ತಳಲ್ಲ — ಮುಗೀತೇನ್ರಿ ಅಂದಳು, ಹೂಂ ಅಂದ, ಮುಗಿಯಿತು ಅಂದ ಹಾಗಾಯಿತು, ತಾನೇ ಹೇಳಿ ಕೀಳಿಸಿದ ಹಾಗಾಯಿತು. ಕಂಬದ ಮೇಲೆ ಅಷ್ಟು ಎತ್ತರದಲ್ಲಿ ಹೊಟ್ಟೆ ಹಿಡಿದು ನಗಲು ಬರುವುದಿಲ್ಲ, ಪಟ್ಟಾ ಬಿಗಿಯುತ್ತದೆ, ಆದರೂ ನಕ್ಕ, ಕೆಮ್ಮಿದ, ಹಿಂಡಿ ಮೂಗಿಗೆ ಏರಿತು, ಹೋತ್ರಿ ಲೈನ್ ಅಂತ ಕೆಳಗೆ ಕೈ ಅಲ್ಲಾಡಿಸಿದ. ಕೆಳಗೆ ಪೆನ್ಸಿಲ್ಲು ಕಿವಿಯಿಂದ ಇಳಿದಿತ್ತು. ಆತಲ್ಲೋ, ಕಟ್ಟಾತಲ್ಲೋ, ಅಂತ ಸಂಗಯ್ಯನವರು, ಪುಸ್ತಕದ ಹಾಳೆ ತೆರೆದಿತ್ತು, ತಡೀರಿ ಅಯ್ಯಾರ, ತಡೀರಿ, ಒಂದ ಸಲ, ಮಾಸ್ತರು ನಾಲ್ಕು ಸಲ ಕೇಳಿದ್ದರಲ್ಲ, ನೀವು ಇನ್ನೊಂದು ಸಲ ಕೇಳಬಾರದೇ.

ಟೆಸ್ಟ್ ಫೋನಿನ ಹಿಡಿಕೆ ಗರಗರ ತಿರುವಿದ. ಎಕ್ಸ್‌ಚೇಂಜ್, ಹೇಳ್ರಿ, ಅಂತ ಅಬೇದಾ. ಅಕ್ಕಾರ, ನಾ ಅಮೀನಪ್ಪ, ಲೈನ್ ಮಜದೂರ, ಕಂಬದ ಮ್ಯಾಲಿಂದ. ಓ, ಬೈಯಾಂವ ನೀನ ಏನೋ ಅದು, ದನಿ ಕೇಳಿದ ಕೂಡ್ಲೆ ಗೊತ್ತಾತು, ಬಿಸಲಿಗೆ ಅಷ್ಟು ಬೈತಾರೇನೋ, ಏನ್ ಮಾಡೈತಿ ಪಾಪ ಅದು. ಕಿವಿ ಬಿಸಿಯಾಯಿತು, ಅದು ಇರ್ಲಿ ಅಕ್ಕಾರ, ನೀವ್ ಯಾಕ ಕೀಳ್ತೀರಿ. ಕೀಳದ ಏನ್ ಮಾಡ್ಲೋ, ಬಾಗಲಕೋಟಿಗೆ ಇರೂದು ಒಂದ ತಂತಿ, ದವಾಖಾನಿಯಂವ ಕಾಯಾಕತ್ತಾನ, ಬೀಜದಂಗಡಿಯಂವ ಕಾಯಾಕತ್ತಾನ, ನಿಮ್ಮ ಸೊಸೈಟಿಯಂವ್ರು ತಂತಿ ಹಿಡಕೊಂಡು ಮಕ್ಕೊಂಡ್ರ ಉಳಿದಂವ್ರು ಎಲ್ಲಿ ಹೋಗಬೇಕು, ನಾ ಕೇಳಿನ ಕೀಳ್ತೇನಿ, ಮುಗೀತೇನ್ರಿ ಅಂತ ಎರಡು ಸಲ ಕೇಳ್ತೇನಿ. ಸಿಟ್ಟು ಮಾಡಲು ಎಲ್ಲಿಂದ ಮಾಡಬೇಕು, ಖರೆ ಹೇಳುತ್ತಾಳೆ, ಮೂರು ವಾರದಿಂದ ಇವನು ಹಲ್ಲು ಕಡಿದದ್ದು ಯಾರ ಮೇಲೆ. ಹಂಗ ಕೇಳಬ್ಯಾಡ್ರಿ ಅಕ್ಕಾರ, ಮುಗೀತೇನ್ರಿ ಅಂದ್ರ ಹೂಂ ಅಂದ್ರೂ ಕಟ್, ಸುಮ್ಮಕಿದ್ರೂ ಕಟ್, ಅದೀರೇನ್ರಿ ಅಂತ ಕೇಳ್ರಿ, ಇದ್ದಂವ ಹೂಂ ಅಂತಾನ, ಇಲ್ಲದಂವ ಸುಮ್ಮಕಿರ್ತಾನ. ಅತ್ತಲಿಂದ ನಗು ಬಂತು, ಹೌದಲ್ಲೋ, ಇದು ಯಾರೂ ಹೇಳಲಿಲ್ಲ ನೋಡು, ಆತು, ಅದೀರೇನ್ರಿ ಅಂತೇನಿ. ಅದು ಆಯಿತು. ರಾಚಪ್ಪನವರದೇ ಆಗಲಿಲ್ಲ. ಅವರನ್ನು ಲೈನಿಗೆ ಕರೆದು, ಬಾಯಾರು ರಿಜಿಸ್ಟರ್ ನೋಡಿ ಬರೂತನ ರಿಸೀವರ್ ಕಿವಿಗೇ ಇರಲ್ರಿ, ಅಕ್ಕಾರು ಅದೀರೇನ್ರಿ ಅಂದ್ರ ಹೂಂ ಅನ್ರಿ, ಅಂದದ್ದಕ್ಕೆ, ನೀ ಯಾರಲೇ, ನಿನ್ನ ದನಿ ಎಲ್ಲೋ ಕೇಳೇನಿ, ಖಾಲಿ ಫೋನಿಗೆ ಹೂಂ ಹೂಂ ಅಂತ ಕುಂದ್ರಾಕ ನಾ ಏನ್ ಕಥಿ ಕೇಳೂ ಕೂಸೇನು, ಸೊಸೈಟಿಯ ಮಂದಿಯೆಲ್ಲ ನೋಡಾಕತ್ತಾರ. ಎಂಟು ಮಗ್ಗ ನಿಂತಾವ್ರಿ ರಾಚಪ್ಪನವರ. ನೋಡೂಣು ತಗೋ, ಅಂದರು, ಆ ನೋಡೂಣು ಅನ್ನುವುದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ.

ಸಂಗಯ್ಯನವರು ಈ ಸಲ ಬಲು ಹುಷಾರು, ಈ ಸಲ ನೀ ಹೂಂ ಅನಬಾರದು, ನೀ ಅಂದ್ರ ಲೈನ್ ಉಳೀತೈತಿ, ನೀ ಇಳಿದ್ರ ಮತ್ತ ಹೋಗ್ತೈತಿ, ದಿನಾ ನಿನ್ನ ಕಂಬದ ಮ್ಯಾಲ ಇಡಾಕ ಬರೂದಿಲ್ಲ, ಫೋನಿನ ಬಾಯಿಗೆ ವಸ್ತ್ರ ಕಟ್ಟು. ಟವೆಲ್ಲು ಬಿಚ್ಚಿ ಫೋನಿನ ಬಾಯಿಗೆ ಸುತ್ತಿದ, ಸುತ್ತಿ ಗಂಟು ಹಾಕಿದ, ಈಗ ಕಿವಿ ಮಾತ್ರ ಅವನದು. ಕರೆ ಕೂಡಿತು, ಹನ್ನೊಂದನೇ ಮಗ್ಗ ಬಾಯಾರ, ಇರ್ರಿ ನೋಡಿ ಬರ್ತೇನಿ, ಅಂತ ಇಂದ್ರಾಬಾಯಿ, ಈ ಸಲ ಇಡಬ್ಯಾಡ್ರಿ ಅಂತ ಕೂಡ ಅನ್ನಲಿಲ್ಲ, ಅವರಿಗೂ ಸಾಕಾಗಿದೆ, ಚಪ್ಪಲಿ ಸದ್ದು ಒಂದು ಜೋರು ಒಂದು ಮೆಲ್ಲಗೆ, ಒಂದು ಜೋರು ಒಂದು ಮೆಲ್ಲಗೆ, ನೋವಿನ ಮೊಣಕಾಲು ಎಡಗಾಲಿನದಿರಬೇಕು. ಟೇಬಲ್ಲಿಗೆ ತಾಗುವ ಸದ್ದಿಗೆ ಕಾದ, ಬರಲಿಲ್ಲ, ರಾಚಪ್ಪನವರ ಉಸಿರು ಕೇಳುತ್ತಿದೆ, ಕಿವಿಗೇ ಹಿಡಿದಿದ್ದಾರೆ, ಕೋಟಿನ ತೋಳು ರಿಸೀವರಿಗೆ ಉಜ್ಜುತ್ತಿದೆ. ಗುಂಯ್. ಎಷ್ಟು ಹೊತ್ತು, ಅಜ್ಜಿ ಈ ಹೊತ್ತಿಗೆ ಕೊಂಡಿಗೆ ಕೂತಿರುತ್ತಾಳೆ, ಎದುರು ತುದಿಗೆ ಯಾರು ಹಿಡಿದಿರುತ್ತಾರೋ, ಟಿಕ್. ಅದೀರೇನ್ರಿ? ಅನ್ರಿ, ರಾಚಪ್ಪನವರ, ಅನ್ರಿ, ಹನ್ನೊಂದನೇ ಮಗ್ಗದವರು ಕೈ ಕಟ್ಟಿ ಕೂತಿದ್ದಾರೆ, ಒಂದಕ್ಷರ, ಬಾಯಿ ಕೂಡ ತೆರೆಯಬೇಕಾಗಿಲ್ಲ, ಮಾನ ಹೋಗುವುದಿಲ್ಲ, ಮಾಸ್ತರಿಗೆ ಅನ್ನುವ ಹೂಂ ಬೇರೆ ಇದು ಬೇರೆ, ಅದು ತಿಳಿಯಿತು ಅನ್ನುವ ಸುಳ್ಳು, ಇದು ಇದ್ದೇನೆ ಅನ್ನುವ ಖರೆ, ಅಷ್ಟೇ, ಇಷ್ಟು ವರ್ಷ ಇವನಿಗೇ ತಿಳಿದಿರಲಿಲ್ಲ. ಉಸಿರು. ಅದೀರೇನ್ರೀ? ಎರಡನೆಯ ಸಲ, ಇನ್ನು ಮೂರನೆಯದು ಇಲ್ಲ, ಅಬೇದಾಳ ಬೆರಳು ದಾರದ ಕೊರಳಿಗೆ ಹೋಗಿರಬೇಕು, ಹಿತ್ತಾಳೆಯ ಮೂತಿ ತೂತಿನಿಂದ ಅರ್ಧ ಹೊರಗೆ, ದಂಡೆಯ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು, ಕೆಳಗೆ ಸಂಗಯ್ಯನವರ ಪೆನ್ಸಿಲ್ಲು ಹಾಳೆಗೆ ತಾಗಿದೆ —

ಹೂಂ. ಸಣ್ಣದು, ಮೂಗಿನೊಳಗಿನದು, ಕತ್ತಲೆಗೆ ಅಂಜಿದ ಕೂಸಿನದು, ರಾಚಪ್ಪನವರದು. ದಾರ ಒಳಗೆ ಹೋಗಿರಬೇಕು, ಅಬೇದಾ ಹಾಂ ಅಂದು ಬಾಗಿಲು ಸರಿಸಿಕೊಂಡಳು. ಟಕ್ ಇಲ್ಲ. ಅಮೀನಪ್ಪ ಕೈ ಎತ್ತಿ ಕೆಳಗೆ ತೋರಿಸಿದ, ಉಸಿರು ಬಿಡಲಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಯಾರೂ ಕೇಳದೆಯೇ ಇನ್ನೊಂದು, ಹೂಂ, ಈ ಸಲ ಸ್ವಲ್ಪ ಗಟ್ಟಿ, ಆಮೇಲೆ ಇನ್ನೊಂದು, ಆಮೇಲೆ ರಾಚಪ್ಪನವರಿಗೆ ಅದು ರುಚಿ ಹತ್ತಿದಂತೆ ಹೂಂ, ಹೂಂ, ಸೊಸೈಟಿಯ ಮಂದಿ ನೋಡಲಿ ಬಿಡಲಿ, ಅವರ ಅಜ್ಜಿ ಯಾರಿದ್ದಳೋ, ಯಾವ ಕಥೆ ಹೇಳಿದ್ದಳೋ. ಚಪ್ಪಲಿ ಸದ್ದು ಬಂತು, ಒಂದು ಜೋರು ಒಂದು ಮೆಲ್ಲಗೆ, ರಿಸೀವರು ಎತ್ತಿದ ಸದ್ದು, ಹಲೋ, ಅಂತ ಇಂದ್ರಾಬಾಯಿ, ಸತ್ತ ಲೈನಿಗೆ ಅನ್ನುವ ಹಲೋ ಅದು, ಇಡುವ ಮೊದಲು ಅನ್ನುವ ಹಲೋ, ಅದಕ್ಕೆ ಅತ್ತಲಿಂದ ಹೂಂ ಅಂತ ಬಂತು, ಬಾಯಾರು ಬೆಚ್ಚಿಬಿದ್ದರು, ಅಯ್ಯ, ಇನ್ನೂ ಅದೀರೇನ್ರಿ ನೀವು, ಮೂರು ವಾರದ ಮೇಲೆ ಒಬ್ಬರು ಕಾದಿದ್ದಾರೆ ಅನ್ನುವುದಕ್ಕೆ ಅವರಿಗೆ ನಂಬರು ಮರೆತುಹೋಯಿತು, ರಾಚಪ್ಪನವರಿಗೂ ಕೇಳಿದ್ದೇನು ಮರೆತುಹೋಯಿತು, ಇಬ್ಬರೂ ಹೂಂ, ಹೂಂ, ಹೂಂ ಅನ್ನುತ್ತ ನಿಂತರು. ಕೆಳಗೆ ಸಂಗಯ್ಯನವರು ಮುಖ ಮೇಲೆತ್ತಿ ಪೆನ್ಸಿಲ್ಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು, ಇಳೀಯೋ ತಮ್ಮಾ, ರೊಟ್ಟಿಯಂತೂ ನನ್ನ ತಲಿಗೆ ಉಣಸಿದಿ, ಬಾ ನೀರರೆ ಕುಡಿ. ಇಳಿಯಬೇಕು, ಪಟ್ಟಾ ಬಿಚ್ಚಿದ, ಸೊಟ್ಟ ಉಗುರಿನ ಬಲಗಾಲು ಕೆಳಗಿನ ಮೆಟ್ಟಿಲು ಹುಡುಕುತ್ತ ಹೊರಗೆ ಬಂತು, ಕಿವಿಯಲ್ಲಿ ಹೂಂ ಇನ್ನೂ ನಿಂತಿಲ್ಲ, ಮೆಟ್ಟಿಲು ಅಲ್ಲೇ ಇದೆ, ಇಡಬಹುದು, ಇಡುತ್ತೇನೆ, ಇನ್ನೊಂದು ಹೂಂ ಕೇಳಿ ಇಡುತ್ತೇನೆ, ಇನ್ನೊಂದು — ಕಂಬದ ಮೇಲೆ ಒಂದು ಕಾಲು, ಗಾಳಿಯಲ್ಲಿ ಒಂದು ಕಾಲು.